ಪೆಟ್ಟಿಗೆ ಹೊತ್ತು ಹೊರಟವನು

ಗಂಡ ಹೆಂಡತಿ ಯೂರೋಪ್ ಪ್ರವಾಸ ಹೊರಟರೆ ಸಾಮಾನು ಹೊರುವವರು ಯಾರು? ಈಗಿನ ತರುಣ ದಂಪತಿಗಳು ಬೆನ್ನಿಗೊಂದು ಚೀಲ ಏರಿಸಿ ರೈಲು ಹತ್ತಿಬಿಡುತ್ತಾರೆ. 1813ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಹೊರಟ ದಂಪತಿಗಳ ವಿಷಯ ಹಾಗಿರಲಿಲ್ಲ. ಗಂಡ ಸರ್ ಹಂಫ್ರಿ ಡೇವಿ, ಸೋಡಿಯಂ, ಪೊಟ್ಯಾಸಿಯಂಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ಹೆಸರಾದ ರಸಾಯನ ವಿಜ್ಞಾನಿ. ಹೆಂಡತಿ ಜೇನ್, ಸಿರಿವಂತೆ, ಓದಿಕೊಂಡವಳು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆದಿದ್ದ ಕಾಲ. ಆದರೂ ಬರುವವನು ವಿಜ್ಞಾನಿಯೆಂದು ನೆಪೋಲಿಯನ್ನನ ಸರ್ಕಾರ ರಹದಾರಿ ಕೊಟ್ಟಿತು.

ಹೊರಡುವ ಹೊತ್ತಿಗೆ ಡೇವಿಯ ಖಾಸಾ ಆಳು ಬರಲೊಲ್ಲೆ ಎಂದ. ಆ ಕೆಲಸ ಪ್ರಯೋಗಶಾಲೆಯ ಸಹಾಯಕನ ತಲೆಗೆ ಬಂತು. ಆತ ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬು ಕಲಿತವನು, ವಯಸ್ಸು 22. ಹೆಸರು ಮೈಕೆಲ್ ಫ್ಯಾರಡೆ. ಪ್ಯಾರಿಸ್ಸಿನಲ್ಲಿ ಬೇರೆ ಆಳು ಸಿಗುವವರೆಗೆ ಮಾತ್ರ ಎಂದು ಒಪ್ಪಿಕೊಂಡ. ಆ ಬೇರೆ ಆಳು ಒಂದೂವರೆ ವರ್ಷವಾದರೂ ಸಿಗಲಿಲ್ಲ!

ಲಂಡನ್ ಬಿಟ್ಟು ದೂರ ಹೋಗಿ ಅರಿಯದ ಹುಡುಗ ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ಫ್ರಾನ್ಸಿನ ಹಂದಿಗಳು ಕುದುರೆಗೆ ಸಮನಾಗಿ ಓಡುವಷ್ಟು ಬಡಕಲು. ಪ್ಯಾರಿಸ್ಸಿನ ಬೀದಿಗಳಲ್ಲಿ ಕಾಲುದಾರಿಯಿಲ್ಲ, ಜನರಿಗೂ ಜಾನುವಾರಿಗೂ ಒಂದೇ ಹಾದಿ. ಡಿಸೆಂಬರಿನಲ್ಲಿ ಗಾಡಿಯಲ್ಲಿ ಹೋಗುತ್ತಿದ್ದ ನೆಪೋಲಿಯನ್ನನನ್ನೂ ದೂರದಿಂದ ನೋಡಿದ.

ಡೇವಿಯ ಸಾಮಾನಿನಲ್ಲಿ ಬಟ್ಟೆಬರೆಯ ಜೊತೆಗೆ ಪ್ರಯೋಗದ ಸಲಕರಣೆಗಳ ಪೆಟ್ಟಿಗೆಯೂ ಇತ್ತು. ಪ್ಯಾರಿಸ್ಸಿನಲ್ಲಿ ಆಂಪಿಯರ್ ಮತ್ತು ಗೆಳೆಯರು ಒಂದು ಕಪ್ಪು ವಸ್ತುವನ್ನು ಡೇವಿಗೆ ತಂದುಕೊಟ್ಟರು. 1811ರಲ್ಲಿ ಕೂರ್ತ್ವಾ ಎಂಬುವನು ಕಡಲಕಳೆಯ ಬೂದಿಯಿಂದ ಪಡೆದದ್ದು. ಕಾಯಿಸಿದರೆ ನೇರಳೆ ಬಣ್ಣದ ಆವಿ! ಆ ಪೆಟ್ಟಿಗೆಯ ಸಲಕರಣೆಗಳಿಂದಲೇ ಪರೀಕ್ಷಿಸಿ ಇದು ಹೊಸ ಧಾತು ಎಂದ ಡೇವಿ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್‌ನಲ್ಲಿರುವುದು ಅದೇ.

ಆಲ್ಪ್ಸ್ ದಾಟಿ ಇಟಲಿಗೆ ಬಂದರು. ಫ್ಲಾರೆನ್ಸಿನಲ್ಲಿ ಗೆಲಿಲಿಯೋನ ದೂರದರ್ಶಕ ನೋಡಿದ್ದಾಯಿತು. 1814ರ ಮಾರ್ಚಿನಲ್ಲಿ ಅಲ್ಲಿನ ದೊರೆಯ ದೊಡ್ಡ ಮಸೂರವನ್ನು ಬಿಸಿಲಿಗೆ ಹಿಡಿದು, ಆಮ್ಲಜನಕ ತುಂಬಿದ ಗಾಜಿನ ಗೋಳದೊಳಗೆ ವಜ್ರವೊಂದನ್ನು ಸುಟ್ಟರು. ಹೊತ್ತಿಕೊಂಡ ವಜ್ರ, ಮಸೂರದ ಬಿಸಿ ತಪ್ಪಿಸಿದ ಮೇಲೂ ಸ್ವಲ್ಪ ಹೊತ್ತು ಉರಿಯುತ್ತಲೇ ಇತ್ತು. ಉಳಿದದ್ದು ಇಂಗಾಲದ ಡೈಆಕ್ಸೈಡ್ ಅನಿಲ ಮಾತ್ರ. ರಾಣಿಯ ಕೊರಳಿನ ವಜ್ರವೂ ಒಲೆಯ ಇದ್ದಿಲೂ ಒಂದೇ ಧಾತು! ಮಿಲಾನಿನಲ್ಲಿ ವಿದ್ಯುತ್ ಕೋಶ ಕಂಡುಹಿಡಿದ ಮುದುಕ ವೋಲ್ಟಾ ಬಂದು ಭೇಟಿಯಾದ.

ಇಷ್ಟೆಲ್ಲ ನೋಡಿದರೂ ಹುಡುಗನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಡೇವಿ ಹೆಚ್ಚೇನೂ ಹೇಳದಿದ್ದರೂ ಯಜಮಾನಿತಿ ಅವನನ್ನು ಆಳಿನಂತೆಯೇ ಕಂಡಳು. ಊಟವೂ ಆಳುಗಳ ಜೊತೆ. ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಕಾಗದಗಳಲ್ಲಿ ಫ್ಯಾರಡೆ ಆಕೆಯ ಗರ್ವವನ್ನು ತೋಡಿಕೊಂಡಿದ್ದಾನೆ. (ನಮಗೆ ಹೆಚ್ಚಾಗಿ ಸಿಗುವುದು ಅವನ ಕಡೆಯ ಮಾತು, ಜೇನ್‌ಳನ್ನು ಕೇಳಿದ್ದರೆ ಆಕೆಯದೂ ಒಂದು ದೂರು ಇರುತ್ತಿತ್ತೋ ಏನೋ.) ಜಿನೀವಾದ ವಿಜ್ಞಾನಿ ದ ಲಾ ರೀವ್ ಇವನನ್ನು ಎಲ್ಲರೊಡನೆ ಊಟಕ್ಕೆ ಕರೆದಾಗ, ಆಳಿನ ಪಂಕ್ತಿಯಲ್ಲಿ ಕೂರಲು ಡೇವಿ ಒಪ್ಪಲಿಲ್ಲವೆಂದೂ, ಆತ ಫ್ಯಾರಡೆಗೆ ಬೇರೆ ಕೋಣೆಯಲ್ಲಿ ಊಟ ಹಾಕಿಸಿದನೆಂದೂ ಕತೆಯಿದೆ.

ಬಿಟ್ಟು ಊರಿಗೆ ಹೋಗಿಬಿಡಲೇ ಎಂದು ಫ್ಯಾರಡೆ ಹಲವು ಸಲ ಯೋಚಿಸಿದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಡೇವಿಯ ಪಕ್ಕದಲ್ಲಿ ನಿಂತು ಕಲಿಯುವ ಅವಕಾಶ ತಪ್ಪಿದರೆ ಮತ್ತೆ ರಟ್ಟು, ಅಂಟು, ಸೂಜಿ. ಹೋಗಲಿಲ್ಲ. ಬಿಡುವಿನಲ್ಲಿ ಫ್ರೆಂಚ್, ಇಟಾಲಿಯನ್ ಭಾಷೆಗಳನ್ನು ಕಲಿತ. ಆಕೆಯ ಮಾತುಗಳಿಗೆ ಮನಸ್ಸು ಕೊಡುವುದನ್ನು ಬಿಟ್ಟ ಮೇಲೆ ಜಗಳವೂ ಕಡಿಮೆಯಾಯಿತು.

ಅಲ್ಲಿಂದ ಮುಂದೆ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಬೇಕೆಂಬ ಯೋಚನೆ ಇತ್ತು, ಕೈಗೂಡಲಿಲ್ಲ. 1815ರ ಏಪ್ರಿಲ್‌ನಲ್ಲಿ ಮೂವರೂ ಲಂಡನ್ನಿಗೆ ಮರಳಿದರು. ಮುಂದಿನ ತಿಂಗಳೇ ರಾಯಲ್ ಇನ್‌ಸ್ಟಿಟ್ಯೂಷನ್ ಫ್ಯಾರಡೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು. ಮೊದಲು ವಾರಕ್ಕೆ 25 ಷಿಲಿಂಗ್ ಇದ್ದ ಸಂಬಳ ಈಗ 30 ಆಯಿತು. ಆಯಸ್ಕಾಂತದಿಂದ ವಿದ್ಯುತ್ ಹುಟ್ಟಿಸಿ ತೋರಿಸಲು ಅವನಿಗೆ ಇನ್ನೂ 16 ವರ್ಷ ಬೇಕಿತ್ತು.