ಕಣ್ಣಿಗೆ ಅರವತ್ತೆರಡು ಸಾವಿರ, ಕಿವಿಗೆ ಸೊನ್ನೆ!

ಈ ಕಡೆ ಬಂದು ಬಹಳ ದಿನ ಆಯ್ತು. ಸಬೂಬುಗಳು ಹಳೆಯವೇ, ಬಿಡಿ. ಈವತ್ತು ಬರೆಯೋಕೆ ಕೂತಿರೋದು ಸಿಟ್ಟಿನಿಂದ. ಸಿಟ್ಟು ಬಂದಾಗ ಬರೆದು ಹಾಕೋಕೇ ಅಲ್ವಾ ಬ್ಲಾಗು ಅನ್ನೋದು ಇರೋದು :)

ವಿಷಯ ಇಷ್ಟು. ನಮ್ಮ ಅಕ್ಕನ ಮಗ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಕೀಬೋರ್ಡ್ ನುಡಿಸ್ತಾನೆ, ಗೆಳೆಯರ ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡ್ತಾನೆ, ರಾತ್ರಿಯಾದ್ರೆ ವ್ಯಾಲರಂಟ್ ಆಡ್ತಾನೆ. ವರ್ಷವಿಡೀ ಕೂಡಿಟ್ಟ 1,20,000 ರೂಪಾಯಿ ಹಿಡ್ಕೊಂಡು "ಮಾವ, ಎರಡಕ್ಕೂ ಆಗೋ ಹಾಗೆ ಒಂದು ಕಂಪ್ಯೂಟರ್ ಜೋಡಿಸಬೇಕು" ಅಂದ. 2025ರ ಆಗಸ್ಟಿನ ಒಂದು ಶನಿವಾರ ಇಬ್ಬರೂ ಎಸ್.ಪಿ. ರೋಡಿಗೆ ಹೊರಟೆವು.

ಒಂದು ಅಂಗಡಿಯಲ್ಲಿ (ಹೆಸರು ಬೇಡ) ಹುಡುಗನ ಬಾಯಿಂದ "ಗೇಮಿಂಗ್" ಅನ್ನೋ ಪದ ಬಿದ್ದದ್ದೇ ತಡ, ಐದು ನಿಮಿಷದಲ್ಲಿ ಕೊಟೇಶನ್ ರೆಡಿ. ಗ್ರಾಫಿಕ್ಸ್ ಕಾರ್ಡಿಗೆ 62,000. ಪ್ರೊಸೆಸರಿಗೆ 20,000. ಮದರ್‌ಬೋರ್ಡಿಗೆ 12,000. ಬಣ್ಣದ ಲೈಟಿರೋ ಲಿಕ್ವಿಡ್ ಕೂಲರಿಗೆ 7,000. ಆರು ಫ್ಯಾನಿನ ಗಾಜಿನ ಕ್ಯಾಬಿನೆಟ್ಟಿಗೆ 6,000. ಒಂದು ಟಿಬಿ ಎಸ್‌ಎಸ್‌ಡಿಗೆ 5,500. 16 ಜಿಬಿ ರ‍್ಯಾಮಿಗೆ 5,000. ಕೊನೆಗೆ ಎಸ್‌ಎಂಪಿಎಸ್ ಅನ್ನೋ ಪಾಪದ ಪ್ರಾಣಿಗೆ 2,500. ಒಟ್ಟು ಕರೆಕ್ಟಾಗಿ 1,20,000. ಜೇಬಲ್ಲಿ ಎಷ್ಟಿದೆ ಅಂತ ಹುಡುಗ ಮೊದಲೇ ಹೇಳಿಬಿಟ್ಟಿದ್ದ, ಅದೇ ಅವನು ಮಾಡಿದ ತಪ್ಪು.

"ಆಡಿಯೋ?" ಅಂತ ಕೇಳಿದೆ.

"ಸಾರ್, ಗೇಮಿಂಗ್ ಪಿಸಿ ಇದು. ಆಡಿಯೋ ಎಲ್ಲ ಇದಕ್ಕೆ ಏನ್ ಮಹಾ? ಬೋರ್ಡಲ್ಲೇ ಬರುತ್ತೆ."

ನನ್ನ ಜಗಳ ಇರೋದು ಈ ಒಂದು ವಾಕ್ಯದ ಜೊತೆ. ಅಂಗಡಿಯವನೊಬ್ಬನೇ ಹೇಳೋದಲ್ಲ ಇದು. ವಿಡಿಯೋ ಮಾಡೋರೂ ಹೇಳ್ತಾರೆ, ಆಫೀಸಿನ ಪಂಡಿತರೂ ಹೇಳ್ತಾರೆ. ಆಟಕ್ಕೆ ಸಾಕಾದದ್ದು ಉಳಿದ ಎಲ್ಲದಕ್ಕೂ ಸಾಕು ಅಂತ. ಸುಳ್ಳು ಸ್ವಾಮಿ, ಶುದ್ಧ ಸುಳ್ಳು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಲೆಕ್ಕ ಬರುತ್ತೆ, ಸಹಿಸ್ಕೊಳ್ಳಿ.

ಆಟದಲ್ಲಿ ಸೆಕೆಂಡಿಗೆ 60 ಚಿತ್ರ ಬರುತ್ತೆ ಅಂದ್ಕೊಳ್ಳಿ. ಒಂದೊಂದು ಚಿತ್ರಕ್ಕೂ ಸುಮಾರು 16.7 ಮಿಲಿಸೆಕೆಂಡು ಸಮಯ. ಎಲ್ಲೋ ಒಂದು ಚಿತ್ರ ತಡವಾಯ್ತು, ಒಂದು ಕ್ಷಣ ಜರ್ಕ್ ಹೊಡೀತು. "ಥೂ" ಅಂತ ಬೈದು ಮುಂದಕ್ಕೆ ಆಡ್ತೀರಿ. ಧ್ವನಿ ಹಾಗಲ್ಲ. 48,000 ಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡ್ತಾ ಬಫರ್ 128 ಸ್ಯಾಂಪಲ್ ಇಟ್ಟರೆ, ಪ್ರತಿ 2.67 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರು ತನ್ನ ಲೆಕ್ಕ ಒಪ್ಪಿಸಲೇಬೇಕು. ಒಂದೇ ಒಂದು ಸಲ ತಪ್ಪಿದರೂ "ಟಿಕ್" ಅಂತ ಒಂದು ಸದ್ದು, ಅದು ರೆಕಾರ್ಡಿಂಗಿನೊಳಗೆ ಶಾಶ್ವತವಾಗಿ ಕೂತ್ಕೊಳ್ಳುತ್ತೆ. ಅಂದರೆ ಆಟದ ಯಂತ್ರವನ್ನ ಅದರ ಸರಾಸರಿ ವೇಗ ನೋಡಿ ಕೊಳ್ತೀವಿ. ಧ್ವನಿಯ ಯಂತ್ರವನ್ನ ಅದರ ಅತಿ ಕೆಟ್ಟ ಕ್ಷಣ ನೋಡಿ ಕೊಳ್ಳಬೇಕು. ಅಂಗಡಿಯ ಬೋರ್ಡಿನ ಮೇಲೆ ಯಾವತ್ತೂ ಬರೆದಿರದ ಸಂಖ್ಯೆ ಅದು.

ಬಫರ್ ದೊಡ್ಡದು ಮಾಡಿದ್ರೆ ಆಯ್ತಲ್ಲ ಅಂತೀರಾ? ಮಾಡಬಹುದು. 1024ಕ್ಕೆ ಏರಿಸಿದರೆ 21 ಮಿಲಿಸೆಕೆಂಡು ಬಫರಿನಲ್ಲೇ ಹೋಯ್ತು. ಒಳಗೆ ಬರೋಕೆ ಒಂದು ಸಲ, ಹೊರಗೆ ಹೋಗೋಕೆ ಇನ್ನೊಂದು ಸಲ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗೋಕೆ ಹತ್ತಿರ ಹತ್ತಿರ 3 ಮಿಲಿಸೆಕೆಂಡು ಬೇಕು. ಅಂದ ಮೇಲೆ 42 ಮಿಲಿಸೆಕೆಂಡು ತಡ ಅಂದರೆ ನಿಮ್ಮ ಸ್ವಂತ ಕೀಬೋರ್ಡು ಹದಿನಾಲ್ಕು ಮೀಟರ್ ಆಚೆ ಕೂತು ನುಡಿದ ಹಾಗೆ. ಮೃದಂಗದವರನ್ನ ಬೀದಿಯ ಆ ತುದಿಗೆ ಕೂರಿಸಿ ತಾಳ ತಪ್ಪಬೇಡಿ ಅಂದರೆ ಹೇಗೆ ಮಾರಾಯ್ರೇ?

ಈ ಕೆಟ್ಟ ಕ್ಷಣವನ್ನ 62,000ದ ಗ್ರಾಫಿಕ್ಸ್ ಕಾರ್ಡು ಸರಿ ಮಾಡಲ್ಲ. ಹಾಡಿನ ಲೆಕ್ಕ ಬಹುಪಾಲು ನಡೆಯೋದು ಪ್ರೊಸೆಸರಿನಲ್ಲಿ. ಬೇರೆ ಬೇರೆ ಟ್ರ್ಯಾಕುಗಳನ್ನ ಬೇರೆ ಬೇರೆ ಕೋರುಗಳಿಗೆ ಹಂಚಬಹುದು, ನಿಜ. ಆದರೆ ಒಂದೇ ಟ್ರ್ಯಾಕಿನ ಮೇಲೆ ಸಾಲಾಗಿ ಕೂರಿಸಿದ ಎಫೆಕ್ಟುಗಳು ಒಂದರ ಹಿಂದೆ ಒಂದರಂತೆ ಒಂದೇ ಕೋರಿನಲ್ಲಿ ಓಡಬೇಕು. ಅದಕ್ಕೇ ಒಂಟಿ ಕೋರಿನ ವೇಗ ಮುಖ್ಯ. ಇನ್ನು ಮಧ್ಯೆ ಬಂದು ಪ್ರೊಸೆಸರನ್ನ ತಡೆದು ನಿಲ್ಲಿಸೋದು ಹೆಚ್ಚಾಗಿ ಡ್ರೈವರುಗಳು. ವೈಫೈಯದ್ದು, ಗ್ರಾಫಿಕ್ಸಿನದ್ದು, ಜೊತೆಗೆ ಆ ಬಣ್ಣದ ಲೈಟು ಕುಣಿಸೋಕೆ ಹಿನ್ನೆಲೆಯಲ್ಲಿ ಓಡ್ತಾ ಇರೋ ಸಾಫ್ಟ್‌ವೇರುಗಳಲ್ಲಿ ಕೆಲವು. ಲೇಟೆನ್ಸಿಮಾನ್ ಅನ್ನೋ ಪುಟ್ಟ ತಂತ್ರಾಂಶ ಓಡಿಸಿ ನೋಡಿ, ಯಾರು ದಾರಿಗೆ ಅಡ್ಡ ನಿಂತಿದ್ದಾರೆ ಅಂತ ಹೆಸರು ಸಮೇತ ಹೇಳುತ್ತೆ.

ಇಷ್ಟಕ್ಕೂ ನನಗ್ಯಾಕೆ ಇಷ್ಟು ಉರಿ? ಅದನ್ನೂ ಹೇಳಿಬಿಡ್ತೀನಿ.

ನಮ್ಮಪ್ಪ ಗಮಕ ಓದ್ತಿದ್ದರು. ದೊಡ್ಡ ಹೆಸರೇನಲ್ಲ. ಊರಿನ ದೇವಸ್ಥಾನದಲ್ಲಿ, ಶ್ರಾವಣದಲ್ಲಿ, ಕುಮಾರವ್ಯಾಸ ಭಾರತ. 2009ರಲ್ಲಿ ಅವರನ್ನ ಮನೆಯಲ್ಲೇ ಕೂರಿಸಿ ನಾಲ್ಕು ಭಾನುವಾರ ರೆಕಾರ್ಡ್ ಮಾಡಿದೆ. ಆಗ ನನ್ನ ಹತ್ತಿರ ಇದ್ದದ್ದು ಕ್ಯಾಬಿನೆಟ್ ಜೊತೆ "ಫ್ರೀ" ಅಂತ ಬಂದ ಎಸ್‌ಎಂಪಿಎಸ್ ಇದ್ದ ಯಂತ್ರ. ಮದರ್‌ಬೋರ್ಡಿನ ಗುಲಾಬಿ ತೂತಿಗೆ ಮೈಕು ಸಿಕ್ಕಿಸಿದ್ದೆ. ಐದನೇ ಭಾನುವಾರಕ್ಕೆ ಮುಂಚೆ ಒಂದು ಸಂಜೆ ಕರೆಂಟು ಹೋಗಿ ಬಂತು. ಎಸ್‌ಎಂಪಿಎಸ್ ಸುಟ್ಟಿತು, ಹೋಗುವಾಗ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರ್ಕೊಂಡು ಹೋಯ್ತು. ಉಳಿದದ್ದು ನಾನು ಸಿಡಿಗೆ ಬರೆದಿಟ್ಟಿದ್ದ ಮೊದಲನೇ ಭಾನುವಾರ ಮಾತ್ರ, ನಲವತ್ತು ನಿಮಿಷ. ಬ್ಯಾಕಪ್ ತಗೊಳ್ಳದೇ ಇದ್ದದ್ದು ನನ್ನ ತಪ್ಪೇ, ಒಪ್ಪಿದೆ.

ಅಪ್ಪ ಈಗಿಲ್ಲ. ಆ ನಲವತ್ತು ನಿಮಿಷ ಇದೆ. ಅದರಲ್ಲಿ ಅಪ್ಪನ ದನಿಯ ಹಿಂದೆ ಪೂರ್ತಿ ಕ್ಯಾಬಿನೆಟ್ ಫ್ಯಾನಿನ ಸದ್ದು, ಅದರ ಕೆಳಗೆ ಅರ್ಥಿಂಗ್ ಸರಿ ಇಲ್ಲದ್ದಕ್ಕೆ 50 ಹರ್ಟ್ಸ್‌ನ ಗುಂಯ್. 50 ಹರ್ಟ್ಸ್ ಅಂದರೆ ಜಿ ಮತ್ತು ಜಿ ಶಾರ್ಪ್ ಮಧ್ಯೆ ಎಲ್ಲೋ ಬೀಳುತ್ತೆ, ಯಾವ ಶ್ರುತಿಗೂ ಸೇರಲ್ಲ. ಅಪ್ಪ ಶ್ರುತಿ ಹಿಡಿದು ಓದ್ತಿದ್ದಾರೆ, ಮನೆಯ ಕರೆಂಟು ಅವರ ಪಕ್ಕದಲ್ಲಿ ಅಪಶ್ರುತಿ ಹಿಡಿದು ಕೂತಿದೆ. ಅದನ್ನ ತೆಗೆಯೋಕೆ ಏನೇನೋ ಮಾಡಿದ್ದೀನಿ. ಗುಂಯ್ ಸ್ವಲ್ಪ ಹೋಗುತ್ತೆ. ಫ್ಯಾನು ಹೋಗಲ್ಲ, ಹೋದರೆ ಅಪ್ಪನ ದನಿಯ ಅಂಚನ್ನೂ ಸವೆಸಿಕೊಂಡು ಹೋಗುತ್ತೆ.

ಹಾಗಾಗಿ ಯಾರಾದರೂ ಎಸ್‌ಎಂಪಿಎಸ್‌ನಲ್ಲಿ ನಾಲ್ಕು ಸಾವಿರ ಉಳಿಸಿ ಕಾರ್ಡಿಗೆ ಹಾಕ್ತೀನಿ ಅಂದರೆ ನನಗೆ ಮೈ ಉರಿಯುತ್ತೆ. 250 ವಾಟ್ ನುಂಗುವ ಕಾರ್ಡಿಗೆ 2,500 ರೂಪಾಯಿಯ ಎಸ್‌ಎಂಪಿಎಸ್! ಆನೆಗೆ ಸಣಬಿನ ದಾರ ಕಟ್ಟಿದ ಹಾಗೆ. ಇನ್ನೊಂದು ಮಾತು, "80 ಪ್ಲಸ್ ಗೋಲ್ಡ್" ಅನ್ನೋ ಚೀಟಿ ನೋಡಿಯೂ ಪೂರ್ತಿ ನಂಬಬೇಡಿ. ಆ ಚೀಟಿ ಹೇಳೋದು ವಿದ್ಯುತ್ತನ್ನ ಎಷ್ಟು ಪೋಲು ಮಾಡುತ್ತೆ ಅನ್ನೋದನ್ನ. ವೋಲ್ಟೇಜು ಏರುಪೇರಾದಾಗ ನಿಮ್ಮ ಡಿಸ್ಕನ್ನ ಕಾಪಾಡುತ್ತೋ ಇಲ್ಲವೋ ಅನ್ನೋದನ್ನ ಅದು ಹೇಳಲ್ಲ. ಬಿಚ್ಚಿ ಪರೀಕ್ಷೆ ಮಾಡಿದವರ ಬರಹ ಓದಿ ಕೊಳ್ಳಬೇಕು.

ಸರಿ, ನಾವು ಏನು ಕೊಂಡೆವು? ಬೇರೆ ಬೇರೆ ಅಂಗಡಿ ಸುತ್ತಿ ಅದೇ 1,20,000ಕ್ಕೆ ಮಾಡಿದ್ದು ಇದು.

ಆರು ಕೋರಿನ ರೈಜನ್ 5 7600, 18,000. 65 ವಾಟಿನದು, ಬಿಸಿ ಕಡಿಮೆ. ಮದರ್‌ಬೋರ್ಡು 13,500. ಯುಎಸ್‌ಬಿ ತೂತುಗಳು ಎಷ್ಟಿವೆ ಅಂತ ಎಣಿಸಿ ಆರಿಸಿದ್ದು. 32 ಜಿಬಿ ರ‍್ಯಾಮು 9,500, ಹದಿನಾರರ ಎರಡು ಕಡ್ಡಿ. ನಾಲ್ಕು ಕಡ್ಡಿ ಹಾಕಿದರೆ ಈ ಡಿಡಿಆರ್5 ಬೋರ್ಡುಗಳಲ್ಲಿ ವೇಗ ಇಳಿಯುತ್ತೆ. 8 ಜಿಬಿಯ ಸಾಧಾರಣ ಗ್ರಾಫಿಕ್ಸ್ ಕಾರ್ಡು 28,000. ಕೆಲಸ ಕಡಿಮೆ ಇದ್ದಾಗ ಫ್ಯಾನು ಪೂರ್ತಿ ನಿಂತುಬಿಡುವಂಥದ್ದು. ಎರಡು ಎಸ್‌ಎಸ್‌ಡಿ ಸೇರಿ 11,500, ಒಂದು ವಿಂಡೋಸ್ ಮತ್ತು ಆಟಕ್ಕೆ, ಇನ್ನೊಂದು ಹಾಡಿಗೆ. 650 ವಾಟಿನ ಒಳ್ಳೆ ಎಸ್‌ಎಂಪಿಎಸ್ 6,500. ಲೈಟಿಲ್ಲದ ಕ್ಯಾಬಿನೆಟ್ಟು, 140 ಮಿಲಿಮೀಟರಿನ ಫ್ಯಾನು, ದೊಡ್ಡ ಗಾಳಿ ಕೂಲರು ಸೇರಿ 8,500. ದೊಡ್ಡ ಫ್ಯಾನು ನಿಧಾನ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತೆ, ಅದಕ್ಕೇ ಸದ್ದು ಕಡಿಮೆ. ತನ್ನದೇ ಆಸಿಯೋ ಡ್ರೈವರ್ ಇರೋ, ಎರಡು ಇನ್‌ಪುಟ್ಟಿನ ಆಡಿಯೋ ಇಂಟರ್‌ಫೇಸು 14,000. ಹೆಡ್‌ಫೋನು 7,000. ಉಳಿದ 3,500ಕ್ಕೆ ಕೇಬಲ್ಲು, ಮೈಕಿನ ಸ್ಟ್ಯಾಂಡು. ಯುಪಿಎಸ್ ಮಾವನ ಉಡುಗೊರೆ. ಅಂದ ಹಾಗೆ, 600 ವಿಎ ಅಂತ ಬರೆದದ್ದು 600 ವಾಟ್ ಅಲ್ಲ, ಅದಕ್ಕಿಂತ ಸಾಕಷ್ಟು ಕಡಿಮೆ. ಬಾಕ್ಸಿನ ಹಿಂದೆ ಸಣ್ಣಕ್ಷರ ಓದಿ.

ವ್ಯಾಲರಂಟ್ ಈ "ಸಾಧಾರಣ" ಕಾರ್ಡಿನಲ್ಲಿ ಅವನ ಹಳೇ ಮಾನಿಟರು ತೋರಿಸೋದಕ್ಕಿಂತ ಹೆಚ್ಚು ಚಿತ್ರ ಕೊಡುತ್ತೆ. ಅಂದರೆ 62,000ದ ಕಾರ್ಡು ಕೊಂಡಿದ್ದರೆ ಉಳಿದ 34,000 ಅವನ ಕಣ್ಣಿಗೇ ಬೀಳ್ತಿರಲಿಲ್ಲ!

ಇನ್ನೊಂದು ಪಕ್ಷದವರೂ ಇದ್ದಾರೆ. "ಮ್ಯೂಸಿಕ್ ಅಂದ್ರೆ ಆಪಲ್ಲೇ, ಬೇರೆ ಮಾತೇ ಇಲ್ಲ" ಅನ್ನೋರು. ಅವರ ಮಾತಲ್ಲಿ ಅರ್ಧ ಸತ್ಯ ಇದೆ. 2024ರ ನವೆಂಬರಿನಲ್ಲಿ ಬಂದ ಎಂ4 ಮ್ಯಾಕ್ ಮಿನಿ 59,900 ರೂಪಾಯಿಗೆ 16 ಜಿಬಿ ರ‍್ಯಾಮಿನೊಂದಿಗೆ ಬಂತು, ಸದ್ದೇ ಇಲ್ಲ, ಆಡಿಯೋ ವ್ಯವಸ್ಥೆ ಹುಟ್ಟಿನಿಂದಲೇ ಚೆನ್ನಾಗಿದೆ. ಬರೀ ಸಂಗೀತ ಮಾಡೋರು ಕಣ್ಣು ಮುಚ್ಚಿ ಅದನ್ನ ನೋಡಬಹುದು. ಆದರೆ ಅದರಲ್ಲಿ ವ್ಯಾಲರಂಟ್ ಓಡಲ್ಲ, ಮುಂದೆ ರ‍್ಯಾಮು ಹಾಕೋಕೂ ಆಗಲ್ಲ. ಹುಡುಗನಿಗೆ ಎರಡೂ ಬೇಕು. ಆಟ ಆಡೋದು ಪಾಪ ಅಂತ ನಾನು ಹೇಳ್ತಿಲ್ಲ. ಆಟದ ಹೆಸರಲ್ಲಿ ಅವನ ಹಾಡಿನ ದುಡ್ಡು ಹೊಡೀಬೇಡಿ ಅಂತಿದ್ದೀನಿ, ಅಷ್ಟೇ.

"ಅಂಗಡಿಯವನಿಗೆ ಬಯ್ದು ಏನು ಪ್ರಯೋಜನ, ಜನ ಕೇಳೋದನ್ನ ಅವನು ಮಾರ್ತಾನೆ" ಅಂತ ಒಬ್ಬ ಗೆಳೆಯರು ಅಂದರು. ಹೌದು. ಆದರೆ ಜನ ಅದನ್ನೇ ಯಾಕೆ ಕೇಳ್ತಾರೆ? ಬೇರೆಯದನ್ನ ಯಾರೂ ಅವರಿಗೆ ಕನ್ನಡದಲ್ಲಿ ಹೇಳಿಲ್ಲ. ಇಂಗ್ಲಿಷ್ ವಿಡಿಯೋಗಳಲ್ಲಿ ಪರೀಕ್ಷೆ ಮಾಡೋದು ಎಸಿ ಹಾಕಿದ ತಂಪು ಕೋಣೆಯಲ್ಲಿ. ಹೊರಗಿನ ಬಿಸಿ ಎಷ್ಟು ಡಿಗ್ರಿ ಏರುತ್ತೋ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತೆ. ಅಲ್ಲಿ "ಸದ್ದೇ ಇಲ್ಲ" ಅನ್ನಿಸಿಕೊಂಡ ಫ್ಯಾನು ಮೇ ತಿಂಗಳ ರಾಯಚೂರಿನಲ್ಲಿ ಹೇಗೆ ಕೂಗುತ್ತೆ ಅಂತ ರಾಯಚೂರಿನವರೇ ಬರೆಯಬೇಕು. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗೋ ಊರಿನಲ್ಲಿ ಯಾವ ಯುಪಿಎಸ್ ಬಾಳಿಕೆ ಬಂತು ಅಂತ ಆ ಊರಿನವರೇ ಬರೆಯಬೇಕು.

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಹೇಗೆ ಹಾರಿತು ನೋಡಿದಿರಲ್ಲ? ಎಐ ಡೇಟಾ ಸೆಂಟರುಗಳ ಹಸಿವಿಗೆ ಮೆಮೊರಿ ಚಿಪ್ಪೆಲ್ಲ ಆ ಕಡೆ ಹರಿದು, ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಬಿಡ್ತೀವಿ ಅಂತ ಘೋಷಿಸಿತು. ನಾವು ಆಗಸ್ಟಿನಲ್ಲಿ ಕೊಂಡದ್ದು ಪುಣ್ಯ. ಒಂದೊಂದು ರೂಪಾಯಿಗೂ ಲೆಕ್ಕ ಬೇಕಾದ ಇಂಥ ಹೊತ್ತಲ್ಲಿ ತಪ್ಪು ಸಲಹೆಯ ಬೆಲೆಯೂ ಏರುತ್ತೆ.

ಮೊನ್ನೆ ಆ ಹುಡುಗ ಮನೆಗೆ ಕರೆದ. ಯಂತ್ರ ಆನ್ ಆಗಿದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕಾಯ್ತು, ಅಷ್ಟು ಮೌನ. ಅಕ್ಕ ಅಡುಗೆಮನೆಯಿಂದ ಬಂದು ಮೈಕಿನ ಮುಂದೆ ಅಪ್ಪನ ಹತ್ತಿರ ಕಲಿತ ಎರಡು ಪದ್ಯ ಓದಿದಳು. ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ಉಸಿರು ತಗೊಳ್ಳೋದೂ ಕೇಳಿಸ್ತು. ಹಿಂದೆ ಏನೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಹಾಡೋ, ಓದೋ, ಕತೆ ಹೇಳೋ ಒಬ್ಬರು ಹಿರಿಯರು ಇರ್ತಾರೆ. ಮುಂದಿನ ಸಲ ಕಂಪ್ಯೂಟರ್ ಜೋಡಿಸುವಾಗ ಅವರನ್ನೂ ಲೆಕ್ಕಕ್ಕೆ ತಗೊಳ್ಳಿ. ಹಾಗೇ, ಯಾವ ಬಿಡಿಭಾಗ ಕೊಂಡಿರಿ, ಯಾವುದು ಕೈಕೊಟ್ಟಿತು ಅಂತ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಕನ್ನಡದಲ್ಲೇ ಬರೀರಿ. ಬಯ್ಯೋದಿದ್ದರೆ ಕೆಳಗೆ ಜಾಗ ಇದೆ, ಧಾರಾಳವಾಗಿ ಬಯ್ಯಿರಿ. ಆದರೆ ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ನಾನು ಒಂದಿಂಚೂ ಹಿಂದೆ ಸರಿಯಲ್ಲ :)