ಟಿನ್ ಫ್ಯಾಕ್ಟರಿಯ ಬಸ್ಸೂ ಜೂಜಿನ ನಾಣ್ಯವೂ

ಬೆಂಗಳೂರಿನ ಪೂರ್ವದಿಕ್ಕಿನ ಹೆಬ್ಬಾಗಿಲೆನ್ನಬಹುದಾದ ಟಿನ್ ಫ್ಯಾಕ್ಟರಿಯಲ್ಲಿ ಸಂಜೆಯ ಹೊತ್ತು ಬಸ್ಸಿಗಾಗಿ ಕಾದು ನಿಂತವರಿಗೆಲ್ಲ ಒಂದು ಅನುಭವ ತಪ್ಪದೆ ಆಗಿರುತ್ತದೆ. ಹೊರವರ್ತುಲ ರಸ್ತೆಯೂ ಹಳೆಯ ಮದರಾಸು ರಸ್ತೆಯೂ ಕೂಡುವ ಆ ಸ್ಥಳದಲ್ಲಿ ಹೊಸಕೋಟೆ, ಕೋಲಾರ, ತಿರುಪತಿಗಳ ಕಡೆಗೆ ಹೋಗುವ ವಾಹನಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ. ನಮಗೆ ಬೇಕಾದ ಬಸ್ಸು ಮಾತ್ರ ಕಾಣುವುದಿಲ್ಲ. ಅರ್ಧ ಗಂಟೆಯಾದ ಮೇಲೆ ಆಟೋ ಹಿಡಿಯೋಣವೆಂದರೆ ಮನಸ್ಸು ಒಪ್ಪದು. “ಇಷ್ಟು ಹೊತ್ತು ಕಾದದ್ದಾಯಿತು, ಇನ್ನೇನು ಬಂದೇ ಬರುತ್ತದೆ” ಎನ್ನುತ್ತದೆ.

ಬಸ್ಸಿನ ವಿಷಯದಲ್ಲಿ ಈ ತರ್ಕ ತಪ್ಪಲ್ಲ. ಬಸ್ಸು ಎಲ್ಲಿಂದಲೋ ಹೊರಟಿದೆ. ಕಳೆದ ಪ್ರತಿಯೊಂದು ನಿಮಿಷವೂ ಅದನ್ನು ನಮ್ಮ ಹತ್ತಿರಕ್ಕೆ ತರುತ್ತಿದೆ. ಆದರೆ ನಾಣ್ಯವನ್ನು ಚಿಮ್ಮುವವನು ಇದೇ ತರ್ಕವನ್ನು ಹೂಡಿದನೆಂದರೆ ಕೆಟ್ಟನೆಂದೇ ತಿಳಿಯಬೇಕು. ಐದು ಸಲ ತಲೆ ಬಿದ್ದ ನಾಣ್ಯಕ್ಕೆ ತಾನು ಐದು ಸಲ ತಲೆ ಬಿದ್ದೆನೆಂಬ ನೆನಪಿಲ್ಲ. ಆರನೆಯ ಸಲವೂ ತಲೆ ಬೀಳುವ ಸಂಭವ ಅರ್ಧವೇ. 1913ನೆಯ ಇಸವಿ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಜೂಜುಗೃಹದಲ್ಲಿ ರೂಲೆಟ್ ಚಕ್ರದ ಗುಂಡು ಸತತವಾಗಿ 26 ಬಾರಿ ಕಪ್ಪು ಮನೆಯಲ್ಲಿಯೇ ನಿಂತಿತು. ಸುತ್ತ ನೆರೆದಿದ್ದವರು “ಇನ್ನು ಕೆಂಪು ಬರಲೇಬೇಕು” ಎಂದು ಪ್ರತಿಸಲವೂ ಕೆಂಪಿನ ಮೇಲೆ ಹೆಚ್ಚು ಹೆಚ್ಚು ಹಣವನ್ನು ಒಡ್ಡಿ ಕೈತೊಳೆದುಕೊಂಡರು. ಅವರು ದಡ್ಡರಲ್ಲ, ನಾಣ್ಯವನ್ನು ಬಸ್ಸೆಂದು ಭ್ರಮಿಸಿದವರು, ಅಷ್ಟೆ.

ಇದನ್ನು ಜಾಣತನದಿಂದ ಗೆಲ್ಲಬಹುದೆಂದು ಬಗೆಯುವವರೂ ಉಂಟು. ಹತ್ತು ರೂಪಾಯಿ ಒಡ್ಡುವುದು, ಸೋತರೆ ಇಪ್ಪತ್ತು, ಮತ್ತೆ ಸೋತರೆ ನಲವತ್ತು. ಎಂದಾದರೊಮ್ಮೆ ಗೆದ್ದಾಗ ಹಿಂದಿನ ನಷ್ಟವೆಲ್ಲ ತುಂಬಿ ಹತ್ತು ರೂಪಾಯಿ ಲಾಭ ಉಳಿಯುತ್ತದೆಂಬುದು ಅವರ ಲೆಕ್ಕ. ಕಾಗದದ ಮೇಲೆ ಮಾಡಿ ನೋಡಿ. ಹತ್ತು ಸಲ ಸತತವಾಗಿ ಸೋತರೆ ಕಳೆದುಕೊಂಡ ಮೊತ್ತ 10,230 ರೂಪಾಯಿ; ಹನ್ನೊಂದನೆಯ ಸಲಕ್ಕೆ ಒಡ್ಡಬೇಕಾದದ್ದು 10,240 ರೂಪಾಯಿ. ಇಷ್ಟೆಲ್ಲ ಸಾಹಸ ಹತ್ತು ರೂಪಾಯಿಗಾಗಿ! ಎದುರಾಳಿಯ ಥೈಲಿಗೆ ತಳವಿಲ್ಲ, ನಮ್ಮದಕ್ಕೆ ಉಂಟು. ಆಟ ಸಮಸಮವಾಗಿದ್ದರೂ ಆಡುತ್ತ ಹೋದರೆ ಮೊದಲು ಬರಿದಾಗುವುದು ನಮ್ಮದೇ. ಜೂಜು ನಡೆಸುವವರ ಆಟವಂತೂ ಸಮವಾಗಿರುವುದೇ ಇಲ್ಲ.

ಗಣಿತವನ್ನು ಚೆನ್ನಾಗಿ ಕಲಿಸಿದರೆ ಜೂಜು ತಾನಾಗಿ ನಿಲ್ಲುತ್ತದೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಒಬ್ಬ ವಿದ್ಯಾರ್ಥಿ ಮುರಿದನು. ದಿನವೂ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಾಯಿಸಿ ಕಾಲೇಜಿಗೆ ಹೋಗುತ್ತಿದ್ದ ಈ ಹುಡುಗ ಸಂಭವನೀಯತೆಯ ಸಂದೇಹಗಳನ್ನು ಕೇಳಲು ಆಗಾಗ ನನ್ನಲ್ಲಿಗೆ ಬರುತ್ತಿದ್ದನು. ಮೇಲಿನ ಲೆಕ್ಕವನ್ನು ನನಗಿಂತ ಬೇಗ ಮಾಡಬಲ್ಲವನು. ಬಸ್ಸು ಕಾಯುವ ಅರ್ಧ ಗಂಟೆಯಲ್ಲಿ ಮೊಬೈಲಿನಲ್ಲಿ ಹಣವೊಡ್ಡಿ ಆಡಲು ತೊಡಗಿ, ಒಂದು ವರ್ಷದೊಳಗೆ ಪರೀಕ್ಷೆಯ ಶುಲ್ಕವನ್ನೂ ಅಕ್ಕನ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದಂಶವನ್ನೂ ಕಳೆದಿದ್ದನು. “ಸೋಲುತ್ತೇನೆಂದು ಗೊತ್ತಿತ್ತು ಸಾರ್, ಆದರೂ ಕೈ ನಿಲ್ಲಲಿಲ್ಲ” ಎಂದನು.

ಈ ಮಾತನ್ನು ವಿಜ್ಞಾನ ಇಂದು ನೆಪವೆಂದು ತಳ್ಳಿಹಾಕುವುದಿಲ್ಲ. ಸಿ. ಬಿ. ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಪ್ರಯೋಗಗಳಿವೆ. ಗುಂಡಿಯನ್ನು ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂಬ ನಿಯಮವಿದ್ದಾಗ ಹಕ್ಕಿ ಕಾಳು ತಿಂದು ಸ್ವಲ್ಪ ವಿರಮಿಸುತ್ತದೆ. ಎಷ್ಟನೆಯ ಕುಕ್ಕಿಗೆ ಕಾಳು ಬರುವುದೋ ತಿಳಿಯದಂತೆ ಮಾಡಿದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸುರಿಸುವ ಜೀವಕೋಶಗಳು ನಿರೀಕ್ಷಿಸಿದ ಬಹುಮಾನಕ್ಕಿಂತ ನಿರೀಕ್ಷಿಸದೆ ಬಂದ ಬಹುಮಾನಕ್ಕೆ ಹೆಚ್ಚಾಗಿ ಸ್ಪಂದಿಸುತ್ತವೆಂಬುದನ್ನು 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಲ್ಲಿ ತೋರಿಸಿದರು. 2009ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಇನ್ನೊಂದು ವಿಚಿತ್ರವನ್ನು ಕಂಡರು. ಕೂದಲೆಳೆಯಷ್ಟರಲ್ಲಿ ತಪ್ಪಿದ ಗೆಲುವು, ಲೆಕ್ಕದಲ್ಲಿ ಪೂರ್ಣ ಸೋಲೇ ಆಗಿದ್ದರೂ, ಮಿದುಳಿನಲ್ಲಿ ಗೆಲುವು ಎಚ್ಚರಿಸುವ ಭಾಗಗಳನ್ನೇ ಎಚ್ಚರಿಸುತ್ತದೆ.

ಎಲ್ಲಕ್ಕಿಂತ ಕಣ್ಣು ತೆರೆಸುವ ಸಾಕ್ಷ್ಯ ದೊರೆತದ್ದು ಪಾರ್ಕಿನ್ಸನ್ ರೋಗಿಗಳಿಂದ. ಡೋಪಮೈನಿನಂತೆ ವರ್ತಿಸುವ ಕೆಲವು ಔಷಧಗಳನ್ನು ಸೇವಿಸುತ್ತಿದ್ದವರಲ್ಲಿ ಕೆಲವರು, ಅದುವರೆಗೆ ಜೂಜಿನ ಗೋಜಿಗೇ ಹೋಗದಿದ್ದವರು, ಮುಪ್ಪಿನಲ್ಲಿ ಜೂಜುಕೋರರಾದರು; ಔಷಧವನ್ನು ಇಳಿಸಿದಾಗ ಅನೇಕರ ಚಟವೂ ಇಳಿಯಿತು. ಇದನ್ನೋದಿದ ಮೇಲೂ ಜೂಜನ್ನು ಬರಿಯ ನಡತೆಗೇಡೆಂದು ಬೈಯುವುದು ನನಗೆ ಸಾಧ್ಯವಾಗುವುದಿಲ್ಲ. ಅಮೆರಿಕದ ಮನೋವೈದ್ಯರು 2013ರಲ್ಲಿ ಈ ವ್ಯಾಧಿಯನ್ನು ಮದ್ಯ, ಅಫೀಮುಗಳ ವ್ಯಸನದ ಸಾಲಿಗೇ ಸೇರಿಸಿದರು. ಧರ್ಮರಾಯನನ್ನು ಧರ್ಮರಾಯನೆಂದು ಕರೆಯುತ್ತಲೇ ಪಗಡೆಯ ಹಾಸಿನಿಂದ ಏಳಲಾರದವನೆಂದು ಚಿತ್ರಿಸಿದ ನಮ್ಮ ಪೂರ್ವಿಕರು ಈ ಸೂಕ್ಷ್ಮವನ್ನು ಅರಿತಿದ್ದರೆಂದು ತೋರುತ್ತದೆ.

ಕಾನೂನಿನ ದೃಷ್ಟಿ ಬೇರೆ. ಅದು ಕುಶಲತೆಯ ಆಟ, ಅದೃಷ್ಟದ ಆಟ ಎಂದು ಗೆರೆ ಎಳೆಯುತ್ತದೆ. ಸರ್ವೋಚ್ಚ ನ್ಯಾಯಾಲಯ 1968ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಪಂದ್ಯವನ್ನೂ ಪ್ರಧಾನವಾಗಿ ಕುಶಲತೆಯವೆಂದು ಎಣಿಸಿತು. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. 2021ರಲ್ಲಿ ಅಂತರಜಾಲದ ಹಣದಾಟಗಳನ್ನು ನಿಷೇಧಿಸಿದ ತಿದ್ದುಪಡಿಯ ಮುಖ್ಯಾಂಶಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಆ ಗೆರೆಯನ್ನೇ ಬದಿಗಿರಿಸಿ, ಹಣವೊಡ್ಡುವ ಅಂತರಜಾಲದ ಆಟ ಯಾವುದಾದರೂ ಸರಿ, ಅದನ್ನು ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸವನ್ನೂ 1 ಕೋಟಿ ರೂಪಾಯಿಗಳವರೆಗೆ ದಂಡವನ್ನೂ ಗೊತ್ತುಮಾಡಿತು. ಆಡಿ ಸೋತವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಗೆರೆಯನ್ನು ಬದಿಗಿರಿಸಿದ್ದು ನನ್ನ ಮಟ್ಟಿಗೆ ಸರಿಯೇ; ಮಿದುಳು ಅಂಥ ಗೆರೆಯನ್ನು ಕಾಣುವುದಿಲ್ಲ. ತಾನು ಕುಶಲನೆಂಬ ಭಾವನೆ ಸೋತವನನ್ನು ಇನ್ನಷ್ಟು ಹೊತ್ತು ಕೂರಿಸುತ್ತದೆ.

“ಹೊಣೆಯರಿತು ಆಡಿ” ಎಂಬ ಬೋಧನೆಯೊಂದನ್ನು ಜೂಜಿನ ಜಾಹೀರಾತುಗಳ ಕೊನೆಯಲ್ಲಿ ಓಡುವ ದನಿಯಲ್ಲಿ ಹೇಳುತ್ತಿದ್ದುದನ್ನು ಓದುಗರು ಕೇಳಿರಬಹುದು. ಇಷ್ಟೇ ಹಣ, ಇಷ್ಟೇ ಹೊತ್ತು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಚಟ ಹತ್ತದವನಿಗೆ ಒಳ್ಳೆಯದೇ. ಹತ್ತಿದವನಿಗೆ ಇದನ್ನು ಹೇಳುವುದೆಂದರೆ ಕಾಲು ಮುರಿದವನಿಗೆ ಹುಷಾರಾಗಿ ಓಡು ಎಂದಂತೆ. ಮಿತಿಯನ್ನು ಕಾಯಬೇಕಾದ ಶಕ್ತಿಯೇ ಅವನಲ್ಲಿ ಕುಂದಿರುತ್ತದೆ. ಅವನಿಗೆ ಬೇಕಾದದ್ದು ಹೊರಗಿನ ಸಹಾಯ.

ಚಟ ಹತ್ತಿತೆಂದು ತಿಳಿಯುವುದು ಹೇಗೆ? ಹೋದ ಹಣವನ್ನು ಮರಳಿ ಪಡೆಯಲೆಂದೇ ಮರುದಿನ ಆಡುವುದು, ಮನೆಯವರಿಗೆ ಸುಳ್ಳು ಹೇಳುವುದು, ಮೊದಲಿನ ರೋಮಾಂಚನಕ್ಕಾಗಿ ಪಣವನ್ನು ಏರಿಸುತ್ತ ಹೋಗುವುದು, ಬಿಡಬೇಕೆಂದಾಗ ಚಡಪಡಿಕೆ, ಸಾಲಕ್ಕಾಗಿ ಕೈಯೊಡ್ಡುವುದು ಇವು ವೈದ್ಯರು ನೋಡುವ ಒಂಬತ್ತು ಲಕ್ಷಣಗಳಲ್ಲಿ ಕೆಲವು. ಒಂದು ವರ್ಷದ ಅವಧಿಯಲ್ಲಿ ನಾಲ್ಕು ಕಂಡರೆ ವ್ಯಾಧಿಯೆನ್ನುತ್ತಾರೆ. ಎರಡು ಕಂಡಾಗಲೇ ಯಾರಿಗಾದರೂ ಹೇಳುವುದು ಮೇಲೆಂದು ನನ್ನ ಎಣಿಕೆ.

ಬೆಂಗಳೂರಿಗರು ಈ ವಿಷಯದಲ್ಲಿ ಭಾಗ್ಯವಂತರು. ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಮೊಬೈಲು, ಅಂತರಜಾಲಗಳ ಮಿತಿಮೀರಿದ ಬಳಕೆಗೆಂದೇ ಅದು 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ದೇಶದ ಯಾವ ಮೂಲೆಯಿಂದಾದರೂ ಹಗಲಿರುಳೂ ಖರ್ಚಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಾಲದ ಭಾರದಿಂದ ಬದುಕೇ ಬೇಡವೆನಿಸಿದವರು ಆ ಕ್ಷಣವೇ ಕರೆಯಬೇಕಾದ ಸಂಖ್ಯೆಯೂ ಇದೇ. ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಮಾತುಕತೆ: ಯಾವ ಹೊತ್ತು, ಯಾವ ಸ್ಥಳ, ಯಾವ ಬೇಸರ ಕೈಯನ್ನು ಮೊಬೈಲಿಗೆ ಒಯ್ಯುತ್ತದೆಂಬುದನ್ನು ಹುಡುಕಿ, “ಇನ್ನೇನು ಗೆಲ್ಲುತ್ತೇನೆ” ಎಂಬ ಎಣಿಕೆಯನ್ನು ಎದುರಿಸುವ ಅಭ್ಯಾಸ. ಮನೆಯವರಿಗೂ ಕೆಲಸವುಂಟು. ಗುಟ್ಟಾಗಿ ಸಾಲ ತೀರಿಸಿ ಸುಮ್ಮನಾಗುವ ತಂದೆತಾಯಿಗಳು ಮುಂದಿನ ಪಣಕ್ಕೆ ತಾವೇ ಹಣ ಕೊಟ್ಟಂತಾಗುತ್ತದೆ.

ನಾನು ಹೇಳಿದ ಹುಡುಗ ಮೂರು ವಾರ ಹಿಂದುಮುಂದು ನೋಡಿ, ಕೊನೆಗೆ ಸೋದರಮಾವನ ಜೊತೆಗೆ ಟಿನ್ ಫ್ಯಾಕ್ಟರಿಯಿಂದಲೇ ಬಸ್ಸು ಹಿಡಿದು ಆಸ್ಪತ್ರೆಗೆ ಹೋದನು. ನಡುವೆ ಒಂದು ಸಲ ಜಾರಿದನು. ಈ ಸಲ ಮುಚ್ಚಿಡಲಿಲ್ಲ. ಈಗ ಅವನ ಬ್ಯಾಂಕಿನ ಲೆಕ್ಕ ಅಕ್ಕನ ಕೈಯಲ್ಲಿದೆ. ವಾರಕ್ಕೊಮ್ಮೆ ಅವಳು ಕೈಖರ್ಚಿನ ಹಣವನ್ನು ಎಣಿಸಿ ಕೊಡುತ್ತಾಳೆ, ಬಸ್ಸು ಕಾಯುವಾಗ ಅವಳಿಗೇ ಫೋನು ಮಾಡುತ್ತಾನಂತೆ.