ನೆಟ್ಟಗೆ ನಿಂತು ನೆಡಲಾಗದು

ಮಾರ್ಚ್ ತಿಂಗಳ ಕೊನೆಯ ಭಾನುವಾರ ಇಂಗ್ಲೆಂಡಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಸಂಜೆ ಏಳೂವರೆಯವರೆಗೆ ಬೆಳಕು. ಐದು ತಿಂಗಳು ಹೀಟರಿನ ಪಕ್ಕ ಮುದುಡಿ ಕೂತಿದ್ದ ಊರಿಗೆ ಊರೇ ಸನಿಕೆ, ಸೈಕಲ್ಲು, ಬೂಟು ಹಿಡಿದು ಹೊರಗೆ ಬೀಳುತ್ತದೆ. ಆ ವಾರ ನಾನು ಲ್ಯಾಂಕಾಸ್ಟರ್ ಹತ್ತಿರ ಮಗಳ ಮನೆಯಲ್ಲಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರು ಶನಿವಾರ ಹಾಸಿಗೆಯಿಂದ ಎದ್ದವರೇ ಹಿತ್ತಿಲಿಗಿಳಿದರು. ಕಾರಿನಿಂದ ಗೊಬ್ಬರದ ಚೀಲಗಳನ್ನು ಹೊತ್ತು ತಂದು, ಆಲೂಗಡ್ಡೆ ಹಾಕುವ ನೆಲವನ್ನಷ್ಟೂ ಮಧ್ಯಾಹ್ನದೊಳಗೆ ಅಗೆದು ಮಗುಚಿದರು. ಭಾನುವಾರ ಸೊಂಟ ಹಿಡಿಯಿತು. ಬೇಲಿಯಾಚೆಯಿಂದ ಕೋಲೂರಿಕೊಂಡು ಹೇಳಿದರು: "ಬಗ್ಗಿ ಅಗೆದೆ ನೋಡಿ, ಅದೇ ತಪ್ಪಾಯಿತು. ಬೆನ್ನು ನೇರ ಇಟ್ಟುಕೊಳ್ಳಬೇಕಿತ್ತು." ಊರಿನ ಸಮುದಾಯ ಭವನದ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಮಾತೂ ಅದೇ: ವಸಂತ ಬಂತು, ಹೊರಗೆ ಹೊರಡುವ ಮುನ್ನ ನಿಮ್ಮ ಭಂಗಿ ತಿದ್ದಿಕೊಳ್ಳಿ, ಪಿಲಾಟೆಸ್ ವ್ಯಾಯಾಮ ಕಲಿಯಲು ಬನ್ನಿ.

ಪಿಲಾಟೆಸ್ ಕಲಿಯುವುದಕ್ಕೆ ನನ್ನ ತಕರಾರಿಲ್ಲ. ನಾನೂ ಹೋದೆ, ಅದನ್ನು ಆಮೇಲೆ ಹೇಳುತ್ತೇನೆ. ತಕರಾರು ಇರುವುದು 'ಭಂಗಿ ತಿದ್ದಿಕೊಳ್ಳಿ' ಅನ್ನುವುದಕ್ಕೆ. ಆ ಹಿರಿಯರು ಶನಿವಾರ ಬಗ್ಗಿದ್ದು ತಪ್ಪಲ್ಲ, ನವೆಂಬರಿನಿಂದ ಮಾರ್ಚ್‌ವರೆಗೆ ಬಗ್ಗದೆ ಇದ್ದದ್ದು ತಪ್ಪು. ಒಳ್ಳೆಯ ಬೆನ್ನು ಅಂದರೆ ಬಾಗದೆ ನಿಂತ ಬೆನ್ನೆಂದು ನಾನು ಒಪ್ಪುವುದಿಲ್ಲ. ಬಾಗಬೇಕಾದಾಗ ಬಾಗಿ, ಮತ್ತೆ ಎದ್ದು ನಿಲ್ಲಬಲ್ಲದ್ದೇ ಒಳ್ಳೆಯ ಬೆನ್ನು.

ನೇರಕ್ಕೆ ಸಿಕ್ಕಿರುವ ಮರ್ಯಾದೆ ಬಹಳ ಹಳೆಯದು. ಕನ್ನಡದಲ್ಲಿ 'ನೆಟ್ಟಗೆ' ಅನ್ನುವುದು ನಡತೆಗೆ ಕೊಡುವ ಸರ್ಟಿಫಿಕೇಟೂ ಹೌದು. ನೆಟ್ಟಗೆ ಮಾತಾಡು, ನೆಟ್ಟಗೆ ಓದು, ಅವನ ಬುದ್ಧಿ ನೆಟ್ಟಗಿಲ್ಲ. ಶಾಲೆಯಲ್ಲಿ ನಮ್ಮ ಮೇಷ್ಟ್ರು ಅಡಿಕೋಲನ್ನು ಬೆನ್ನಿಗೆ ಒತ್ತಿ ಹಿಡಿದು ಮಗ್ಗಿ ಹೇಳಿಸುತ್ತಿದ್ದರು. ಮಗ್ಗಿ ತಪ್ಪಿದರೂ ಏಟು, ಬೆನ್ನು ಬಾಗಿದರೂ ಏಟು. ಈ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 1914ರಲ್ಲಿ ಇದಕ್ಕಾಗಿಯೇ 'ಅಮೆರಿಕನ್ ಪಾಸ್ಚರ್ ಲೀಗ್' ಎಂಬ ಸಂಘ ಹುಟ್ಟಿತು. ಯೇಲ್‌ನಂಥ ಹೆಸರಾಂತ ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿಗಳನ್ನು ಬತ್ತಲೆ ನಿಲ್ಲಿಸಿ, ಫೋಟೊ ತೆಗೆದು, ಬೆನ್ನಿನ ಡೊಂಕನ್ನು ಪರೀಕ್ಷಿಸಿದವು. 1960ರ ದಶಕದಲ್ಲೂ ಇದು ನಿಂತಿರಲಿಲ್ಲ. ಡೊಂಕು ಬೆನ್ನಿನವನ ಗುಣವೂ ಡೊಂಕು ಎಂಬ ಗುಮಾನಿ ಇದರೊಳಗೆ ಅಡಗಿತ್ತು.

ಆದರೆ ಅದೇ ಕನ್ನಡ ಇನ್ನೊಂದು ಮಾತನ್ನೂ ಹೇಳುತ್ತದೆ: ಮೈ ಬಗ್ಗಿಸಿ ದುಡಿ. ಸೋಮಾರಿಯನ್ನು ಕಂಡರೆ 'ಅವನ ಮೈ ಬಗ್ಗಲ್ಲ' ಅನ್ನುತ್ತೇವೆ. ನಮ್ಮ ಮಲೆನಾಡಿನಲ್ಲಿ ಗದ್ದೆಗೆ ಸಸಿ ನೆಡುವುದಕ್ಕೆ ನೆಟ್ಟಿ ಎಂದೇ ಹೆಸರು. ನೆಟ್ಟಗೆ ನಿಂತು ನೆಟ್ಟಿ ಮಾಡಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಆ ಪಿಲಾಟೆಸ್. ಅದು ಮನುಷ್ಯನ ಹೆಸರು. ಜೋಸೆಫ್ ಪಿಲಾಟೆಸ್ 1883ರಲ್ಲಿ ಜರ್ಮನಿಯ ಮನ್ಷೆನ್‌ಗ್ಲಾಡ್‌ಬಾಖ್‌ನಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ರೋಗಿಷ್ಠ, ಉಬ್ಬಸ, ಮೂಳೆ ಮೆತ್ತಗಾಗುವ ರಿಕೆಟ್ಸ್. ಮೈ ಗಟ್ಟಿ ಮಾಡಿಕೊಳ್ಳುವ ಹಟಕ್ಕೆ ಬಿದ್ದು ಕಸರತ್ತು, ಬಾಕ್ಸಿಂಗ್ ಕಲಿತ. ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದ. ಶತ್ರುದೇಶದವನೆಂದು ಹಿಡಿದು ಮೊದಲು ಇದೇ ಲ್ಯಾಂಕಾಸ್ಟರ್‌ನಲ್ಲಿ, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಕೂಡಿಹಾಕಿದರು. ಮಗಳ ಮನೆಯಿಂದ ತುಸು ದೂರದ ಹೇಷಮ್ ಬಂದರಿನಿಂದ ಇವತ್ತಿಗೂ ಆ ದ್ವೀಪಕ್ಕೆ ಹಡಗು ಹೋಗುತ್ತದೆ. ಮುಳ್ಳುತಂತಿಯೊಳಗೆ 20 ಸಾವಿರಕ್ಕೂ ಹೆಚ್ಚು ಗಂಡಸರು, ಮಾಡಲು ಕೆಲಸವಿಲ್ಲ, ನಡೆಯಲು ಜಾಗವಿಲ್ಲ. ಅಂಥಲ್ಲಿ ಈತ ನೆಲದ ಮೇಲೆಯೇ ಮಾಡಬಹುದಾದ ವ್ಯಾಯಾಮಗಳನ್ನು ಹೊಂದಿಸಿ ಜೊತೆಯವರಿಗೆ ಕಲಿಸಿದ. ಕಾಯಿಲೆಯವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ಮಲಗಿದಲ್ಲೇ ಕೈಕಾಲು ಆಡಿಸುವಂತೆ ಮಾಡಿದನೆಂದೂ, ಇಂದಿನ ಸ್ಟುಡಿಯೋಗಳಲ್ಲಿರುವ 'ರಿಫಾರ್ಮರ್' ಯಂತ್ರದ ಮೂಲ ಅದೇ ಎಂದೂ ಹೇಳುತ್ತಾರೆ. 1918ರ ಮಹಾ ಜ್ವರಕ್ಕೆ ಅವನ ಶಿಷ್ಯರಲ್ಲಿ ಒಬ್ಬನೂ ಸಾಯಲಿಲ್ಲ ಎಂಬ ಕಥೆಯೂ ಉಂಟು. ಅದನ್ನು ನಾನು ಪವಾಡಗಳ ಪಟ್ಟಿಗೆ ಸೇರಿಸಿದ್ದೇನೆ.

ನನಗೆ ಮುಖ್ಯವಾಗಿ ಕಾಣುವುದು ಆ ಶಿಬಿರ. ಈ ವಿದ್ಯೆ ಬೆಳೆದದ್ದು ಓಡಾಟ ತಪ್ಪಿಹೋದ ಮೈಗಳ ನಡುವೆ. ಚಳಿಗಾಲ ಪೂರ್ತಿ ಸೋಫಾದಲ್ಲಿ ಬಂದಿಯಾಗಿದ್ದವರಿಗೂ ಅದು ಒದಗುತ್ತದೆ ಅಂದರೆ ಆಶ್ಚರ್ಯವಿಲ್ಲ.

ಪಿಲಾಟೆಸ್ 1920ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ಹೆಂಡತಿ ಕ್ಲಾರಾ ಜೊತೆ ವ್ಯಾಯಾಮಶಾಲೆ ತೆರೆದ. ಮೈ ನೋಯಿಸಿಕೊಂಡ ಬ್ಯಾಲೆ ನರ್ತಕರು ಅವನ ಬಾಗಿಲಿಗೆ ಬಂದರು. ತನ್ನ ಪದ್ಧತಿಯನ್ನು ಆತ ಕರೆದದ್ದು 'ಕಾಂಟ್ರಾಲಜಿ' ಎಂದು, ಅಂದರೆ ಹಿಡಿತದ ವಿದ್ಯೆ. 1945ರ ಅವನ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳಿವೆ. ಅವನ್ನು ಒಂದೊಂದಾಗಿ ನೋಡುತ್ತ ಹೋದರೆ ಸೋಜಿಗ: ಎಷ್ಟೋ ಕಡೆ ಬೆನ್ನನ್ನು ಸುರುಳಿ ಸುತ್ತಬೇಕು, ಚೆಂಡಿನ ಹಾಗೆ ಉರುಳಬೇಕು, ಕಾಲನ್ನು ತಲೆಯಾಚೆ ಒಯ್ಯಬೇಕು. ಆದರೆ ಇದೇ ಮನುಷ್ಯ, ಬೆನ್ನುಮೂಳೆ ಎಳೆಗೂಸಿನದರ ಹಾಗೆ ಚಪ್ಪಟೆಯಾಗಿ ನೇರ ಇರಬೇಕು ಎಂದು ನಂಬಿದ್ದ. ಅಲ್ಲಿ ಆತ ಎಡವಿದ. ಕತ್ತಿನಲ್ಲಿ ಒಳಬಾಗು, ಎದೆಯ ಹಿಂದೆ ಹೊರಬಾಗು, ಸೊಂಟದಲ್ಲಿ ಮತ್ತೆ ಒಳಬಾಗು, ಇವು ಬೆನ್ನಿನ ಸಹಜ ವಿನ್ಯಾಸ. ಮಗು ತಲೆ ಎತ್ತಿ, ಕೂತು, ನಿಂತು ಅವನ್ನು ಸಂಪಾದಿಸಿಕೊಳ್ಳುತ್ತದೆ. ಇಂದಿನ ಪಿಲಾಟೆಸ್ ಶಿಕ್ಷಕರಲ್ಲಿ ಬಹುಪಾಲು ಜನ ಆ ಬಾಗುಗಳನ್ನು ಉಳಿಸಿಕೊಂಡೇ ಕಲಿಸುತ್ತಾರೆ. ಗುರುವಿನ ಸಿದ್ಧಾಂತ ಬಿಟ್ಟು ಗುರುವಿನ ಅಭ್ಯಾಸ ಉಳಿಸಿಕೊಂಡದ್ದು ಶಿಷ್ಯರ ಜಾಣತನ.

"ಅಮ್ಮಾ, ನೀನೂ ಬಾ, ಸುಮ್ಮನೆ ಚಾಪೆ ಮೇಲೆ ಮಲಗೋದು ಅಷ್ಟೇ" ಎಂದು ಮಗಳು ಕರೆದುಕೊಂಡು ಹೋದಳು. ಮಲಗಿದ್ದೇನೋ ನಿಜ, ಏಳುವುದೇ ವ್ಯಾಯಾಮ. ಕಾಲು ನೀಡಿ ಅಂಗಾತ ಮಲಗಿ, ಕೈಗಳನ್ನು ತಲೆಯಾಚೆ ಚಾಚಿ, ಗದ್ದ ಎದೆಗೆ ತಂದು, ಉಸಿರು ಬಿಡುತ್ತ ಬೆನ್ನನ್ನು ಚಾಪೆಯಿಂದ ಒಂದೊಂದೇ ಮೂಳೆಯಾಗಿ ಬಿಡಿಸಿಕೊಂಡು ಏಳಬೇಕು. ಮೊದಲ ಪ್ರಯತ್ನದಲ್ಲಿ ಭುಜ ಎದ್ದಿತು, ಅಲ್ಲಿಂದ ಮುಂದೆ ಬೆನ್ನು ಹಲಗೆಯಾಯಿತು, ಕಾಲೆರಡೂ ಗಾಳಿಯಲ್ಲಿ. ಬೆನ್ನಿನಲ್ಲಿ ಅಲ್ಲಾಡಬಲ್ಲ ಮೂಳೆಗಳು 24 ಇವೆಯಂತೆ. ನನ್ನವು ಕೂಡುಕುಟುಂಬದ ಹಾಗೆ ಒಟ್ಟಾಗಿಯೇ ಹೊರಟವು. ನಾಲ್ಕನೆಯ ವಾರ ಮೊಣಕಾಲು ಮಡಿಸಿಕೊಂಡು, ತೊಡೆ ಹಿಡಿದುಕೊಂಡು, ಎದ್ದು ಕೂತೆ. ನೋಡುವವರ ಕಣ್ಣಿಗೆ ನನ್ನ ಭಂಗಿ ಏನೂ ಬದಲಾಗಿರಲಿಲ್ಲ. ಆದರೆ ಬಗ್ಗುವಾಗ ಎಲ್ಲಿಂದ ಬಗ್ಗುತ್ತಿದ್ದೇನೆ ಎಂಬುದು ಮೊದಲ ಸಲ ಒಳಗಿನಿಂದ ತಿಳಿಯಿತು.

ಹಿತ್ತಿಲಲ್ಲಿ ಕೆಲಸಕ್ಕೆ ಬರುವುದು ಈ ತಿಳಿವು. ಹೊಟ್ಟೆಯ ಒಳಪದರದ ಸ್ನಾಯುವೊಂದು ನಡುಕಟ್ಟಿನ ಹಾಗೆ ಸೊಂಟವನ್ನು ಸುತ್ತಿಕೊಂಡಿದೆ. ಉಸಿರಿನ ಜೊತೆಗೆ ಅದನ್ನು ಬಿಗಿ ಮಾಡಲು, ಸಡಿಲ ಬಿಡಲು ಪಿಲಾಟೆಸ್ ಕಲಿಸುತ್ತದೆ. ಜೊತೆಗೆ ಚಪ್ಪೆಯಿಂದ ಬಗ್ಗುವುದು, ಎದೆಯ ಹಿಂಭಾಗ ತಿರುಗಿಸುವುದು. ಮಣ್ಣು ತುಂಬಿದ ಸನಿಕೆ ಮೈಯಿಂದ ದೂರ ಹೋದಷ್ಟೂ ಬೆನ್ನಿನ ಪಾಲಿಗೆ ಅದರ ಭಾರ ಹೆಚ್ಚು. ಹತ್ತಿರ ಹಿಡಿಯಬೇಕು, ತಿರುಗುವಾಗ ಪಾದವೂ ತಿರುಗಬೇಕು. ಬೆಳಿಗ್ಗೆ ಎದ್ದ ತಕ್ಷಣ ಅಗೆಯಲು ಇಳಿಯಬಾರದು ಅನ್ನುವುದಕ್ಕೂ ಕಾರಣವಿದೆ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ, ಆದ್ದರಿಂದಲೇ ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುತ್ತೇವೆ. ಉಬ್ಬಿದ ಡಿಸ್ಕ್‌ಗಳ ಮೇಲೆ ಬಗ್ಗುವಾಗಿನ ಒತ್ತಡ ಹೆಚ್ಚು. ಆದರೆ ಇಷ್ಟೆಲ್ಲ ಗೊತ್ತಿದ್ದವನೂ ಐದು ತಿಂಗಳ ವಿರಾಮದ ಮೇಲೆ ಒಂದೇ ದಿನ ಐದು ಗಂಟೆ ಅಗೆದರೆ ಮಲಗಲೇಬೇಕು. ಸ್ನಾಯುವಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ವಸಂತಕ್ಕೆ ತಯಾರಿ ಫೆಬ್ರವರಿಯಲ್ಲಿ, ಚಾಪೆಯ ಮೇಲೆ ಶುರುವಾಗಬೇಕು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡನ್ನು ನಾನು ಗೌರವಿಸುತ್ತೇನೆ. ಮೊದಲನೆಯದು: ಪಿಲಾಟೆಸ್ಸೇ ಯಾಕೆ? ನ್ಯಾಯವಾದ ಪ್ರಶ್ನೆ. ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದ 2015ರ ಕಾಕ್ರೇನ್ ಪರಿಶೀಲನೆ, ಸೊಂಟನೋವಿಗೆ ಹೆಚ್ಚೇನೂ ಮಾಡದೆ ಇರುವುದಕ್ಕಿಂತ ಪಿಲಾಟೆಸ್ ಮೇಲು, ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲೆನ್ನಲು ಗಟ್ಟಿ ಆಧಾರವಿಲ್ಲ ಎಂದಿತು. ಹಾಗಾಗಿ ಈಜುವವರು ಈಜಲಿ. ದುಬಾರಿ ಯಂತ್ರಗಳ ಸ್ಟುಡಿಯೋಗೆ ಹಣ ಸುರಿಯುವ ಮುಂಚೆ ಇದೂ ನೆನಪಿರಲಿ: ಪಿಲಾಟೆಸ್ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲದ ಸಾಮಾನ್ಯ ಹೆಸರೆಂದು ನ್ಯೂಯಾರ್ಕಿನ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿದೆ. ಆ ಬೋರ್ಡು ಯಾರು ಬೇಕಾದರೂ ತೂಗುಹಾಕಬಹುದು. ಶಿಕ್ಷಕರನ್ನು ನೋಡಿ ಹೋಗಬೇಕು, ಬೋರ್ಡನ್ನಲ್ಲ.

ಎರಡನೆಯದು ಇನ್ನೂ ಗಂಭೀರ. ಮೂಳೆ ಸವೆತ ಇರುವವರಿಗೆ 'ಬಗ್ಗಿ, ಬಗ್ಗಿ' ಅನ್ನುವುದು ಅಪಾಯದ ಸಲಹೆ. ಆಸ್ಟಿಯೊಪೊರೋಸಿಸ್‌ನಲ್ಲಿ ಬೆನ್ನನ್ನು ಜೋರಾಗಿ ಮುಂದಕ್ಕೆ ಸುರುಳಿ ಸುತ್ತುವುದರಿಂದ ಮೂಳೆ ಕುಸಿಯಬಹುದು. ಅಂಥವರು ನಾನು ಮಾಡಿದ ಆ ವ್ಯಾಯಾಮವನ್ನು ಮಾಡಬಾರದು. ಭಾರ ಎತ್ತುವಾಗ ಅವರಿಗೆ ನೇರ ಬೆನ್ನೇ ಸರಿ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಬ್ಬೊಬ್ಬರ ಬೆನ್ನು ಒಂದೊಂದು ತರಹ ಎಂಬ ಮಾತಿಗೆ ಅದು ಬಲವನ್ನೇ ಕೊಡುತ್ತದೆ. ಇನ್ನು, ಯೋಗ ಹುಟ್ಟಿದ ನಾಡಿನವರಿಗೆ ಪಿಲಾಟೆಸ್ ಯಾಕೆ ಎಂದು ಮೀಸೆ ತಿರುವುವವರಿಗೆ ನನ್ನದೊಂದೇ ಪ್ರಶ್ನೆ: ನೀವು ಕೊನೆಯ ಸಲ ಯೋಗ ಮಾಡಿದ್ದು ಯಾವಾಗ?

ನೆಟ್ಟಿಯ ಹೆಂಗಸರನ್ನು ಆದರ್ಶ ಮಾಡಿ ಕೂರಿಸುವ ಆಸೆ ನನಗಿಲ್ಲ. ನೆಟ್ಟಿ ಮುಗಿಸಿ ಬಂದ ಅಮ್ಮ ರಾತ್ರಿ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾಗ ನರಳಿದ್ದು ಇನ್ನೂ ಕಿವಿಯಲ್ಲಿದೆ. ಆದರೆ ಅವರಿಗೊಂದು ರೂಢಿಯಿತ್ತು. ಸಾಲು ಮುಗಿದು ಅಂಚು ಮುಟ್ಟಿದಾಗ ಎಲ್ಲರೂ ಎದ್ದು, ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ವಾಲಿ, ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದರು. ದಣಿಗಳು ಅದನ್ನು ಸೋಮಾರಿತನ ಎಂದು ಬೈಯುತ್ತಿದ್ದರು. ಸೊಂಟ ಬಿಡಿಸಿಕೊಳ್ಳುವುದು ಎಂದು ಆ ಹೆಂಗಸರು ಅದಕ್ಕೆ ಹೆಸರಿಟ್ಟಿದ್ದರು.

ಏಪ್ರಿಲ್‌ನಲ್ಲಿ ಪಕ್ಕದ ಮನೆಯವರೂ ಪಿಲಾಟೆಸ್‌ಗೆ ಬರತೊಡಗಿದರು. ಈಗ ಹಿತ್ತಿಲಿಗಿಳಿಯುವುದು ಕಾಫಿ ಮುಗಿದ ಮೇಲೆ. ಒಂದು ಪಾತಿ ಅಗೆದು, ಸನಿಕೆ ಊರಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಬೇಲಿಯ ಹತ್ತಿರ ಬಂದು ಹವೆಯ ಬಗ್ಗೆ ದೂರು ಹೇಳಿ ಹೋಗುತ್ತಾರೆ. ನಾನು ಊರಿಗೆ ಹೊರಡುವ ಹೊತ್ತಿಗೆ ಆಲೂಗಡ್ಡೆ ಹಾಕಿ ಮುಗಿದಿತ್ತು. ಎಷ್ಟು ದಿನ ಹಿಡಿಯಿತು ಎಂದು ಕೇಳಿದೆ.

"ಮೂರು ವಾರ" ಅಂದರು, ಹೆಮ್ಮೆಯಿಂದ.